ಸರ್ಪಗಂಧಿಯ ಬೇರು ಮತ್ತು ಡಾ. ರುಸ್ತುಂ ಜಾಲ್ ವಕೀಲ: ಜನಪದ ವೈದ್ಯದಿಂದ ರಕ್ತದೊತ್ತಡದ ಸಂಶೋಧನೆಯವರೆಗೆ

ಜನಪದ ವೈದ್ಯವನ್ನು ಕುರಿತ ಬರವಣಿಗೆಗಳಲ್ಲಿ ಸರ್ಪಗಂಧಿಯ ಹೆಸರು ಬಾರದಿರುವುದು ಅಪರೂಪ. ನಮ್ಮ ಹಳ್ಳಿಗರ ಬೇರೊಂದು ಜಗತ್ತಿಗೇ ಅಧಿಕ ರಕ್ತದೊತ್ತಡದ ಮದ್ದಾಯಿತೆಂಬ ಮಾತು ಭಾಷಣಗಳಲ್ಲಿ, ಮುನ್ನುಡಿಗಳಲ್ಲಿ, ವಿಚಾರ ಸಂಕಿರಣಗಳ ಆಶಯ ನುಡಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವೈದ್ಯವಿಜ್ಞಾನದ ಚರಿತ್ರೆಗಳು ಇದೇ ಸಂಗತಿಯನ್ನು ಬೇರೆ ಬಗೆಯಲ್ಲಿ ಹೇಳುತ್ತವೆ. ಅಲ್ಲಿ ಕಥೆ ಆರಂಭವಾಗುವುದು 1952ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಈ ಎರಡು ನಿರೂಪಣೆಗಳ ನಡುವೆ ಮುಂಬಯಿಯ ಒಬ್ಬ ವೈದ್ಯರು ಮರೆಯಾಗಿದ್ದಾರೆ. ಅವರು ಡಾ. ರುಸ್ತುಂ ಜಾಲ್ ವಕೀಲ (1911-1974). ಹಳ್ಳಿಯ ಬೇರಿಗೂ ಜಗತ್ತಿನ ಆಸ್ಪತ್ರೆಗಳಿಗೂ ನಡುವೆ ನಿಂತು ಅವರು ಮಾಡಿದ ಕೆಲಸ ಯಾವ ಬಗೆಯದು, ಅದರಲ್ಲಿ ಪರಂಪರೆಯ ಪಾಲೆಷ್ಟು, ಹೊಸ ವೈದ್ಯದ ಪಾಲೆಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸರ್ಪಗಂಧಿ ಮೊಣಕಾಲೆತ್ತರದ ಒಂದು ಸಣ್ಣ ಗಿಡ. ಪಶ್ಚಿಮ ಘಟ್ಟಗಳ ತೇವದ ಕಾಡಿನಂಚಿನಲ್ಲಿ, ಹಿಮಾಲಯದ ತಪ್ಪಲಿನಲ್ಲಿ, ಬಂಗಾಳ, ಬಿಹಾರ, ಅಸ್ಸಾಂ, ಬರ್ಮಾಗಳಲ್ಲಿ ಬೆಳೆಯುತ್ತದೆ. ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಜೋಡಿಹಣ್ಣು, ಹಾವಿನಂತೆ ಬಳುಕಿ ನೆಲಕ್ಕಿಳಿಯುವ ಬೇರು ಇದರ ಗುರುತುಗಳು. ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಇದಕ್ಕಿದೆ. ಬೇರಿನ ಆಕಾರವನ್ನು ಕಂಡು ಹಾವಿನ ಹೆಸರಿಟ್ಟರೋ, ಹಾವಿನ ವಿಷಕ್ಕೆ ಮದ್ದೆಂದು ನಂಬಿ ಇಟ್ಟರೋ, ಇಲ್ಲವೆ ಹೆಸರೇ ಮುಂದಾಗಿ ನಂಬಿಕೆ ಹಿಂದಿನಿಂದ ಬಂದಿತೋ ಎಂಬುದು ತೀರ್ಮಾನಕ್ಕೆ ಸಿಗುವ ವಿಷಯವಲ್ಲ. ರೂಪಸಾಮ್ಯದಿಂದ ಗುಣವನ್ನು ಊಹಿಸುವ ಕ್ರಮ ಎಲ್ಲ ನಾಡುಗಳ ಜನಪದ ವೈದ್ಯದಲ್ಲಿಯೂ ಉಂಟು. ಶಾಸ್ತ್ರಗ್ರಂಥಗಳಲ್ಲಿ ಬರುವ 'ಸರ್ಪಗಂಧಾ' ಇದೇ ಗಿಡವೇ ಎಂಬ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಗಿಡದ ವೈಜ್ಞಾನಿಕ ಹೆಸರಿನದೂ ಒಂದು ಸ್ವಾರಸ್ಯ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ಲಿಯೊನಾರ್ಡ್ ರೌವುಲ್ಫ್ ಪಶ್ಚಿಮ ಏಷ್ಯಾದಲ್ಲಿ ಸಸ್ಯಗಳನ್ನು ಅರಸುತ್ತ ತಿರುಗಿದವನು. ಭಾರತಕ್ಕೆ ಅವನು ಬರಲಿಲ್ಲ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಪ್ಲುಮಿಯೆ 1703ರಲ್ಲಿ ಅವನ ನೆನಪಿಗಾಗಿ ಒಂದು ಸಸ್ಯಕುಲಕ್ಕೆ 'ರಾವುಲ್ಫಿಯ' ಎಂದು ಹೆಸರಿಟ್ಟನು. ನಮ್ಮ ಸರ್ಪಗಂಧಿ ಮುಂದೆ ಆ ಕುಲಕ್ಕೆ ಸೇರಿ 'ರಾವುಲ್ಫಿಯ ಸರ್ಪೆಂಟೀನ' ಆಯಿತು. ಗಿಡವನ್ನು ಕಾಣದವನ ಹೆಸರು ಅದರ ಮೊದಲ ಪದವಾಯಿತು. ತಲೆತಲಾಂತರದಿಂದ ಅದನ್ನು ಅಗೆದು ಅರೆದು ಕುಡಿಸಿದವರ ನೆನಪಿಗೆ ಎರಡನೆಯ ಪದದಲ್ಲಿ ಹಾವೊಂದು ಉಳಿಯಿತು.

ಯುರೋಪಿಯನ್ನರ ಬರವಣಿಗೆಯಲ್ಲಿ ಈ ಬಗೆಯ ಹಾವಿನ ಬೇರುಗಳು ಕಾಣಿಸಿಕೊಂಡದ್ದೂ ಕಥೆಯ ಮೂಲಕವೇ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತ 1563ರಲ್ಲಿ ಪ್ರಕಟಿಸಿದ ಸಂವಾದರೂಪದ ಗ್ರಂಥದಲ್ಲಿ ನಾಗರಹಾವಿನ ವಿಷಕ್ಕೆ ಕೊಡುವ ಬೇರುಗಳ ಪ್ರಸ್ತಾಪವಿದೆ. ಮುಂದಿನ ಶತಮಾನದಲ್ಲಿ ಅಂಬೋಯ್ನಾ ದ್ವೀಪದ ಸಸ್ಯಗಳನ್ನು ವಿವರಿಸಿದ ರುಂಫಿಯಸ್ ಮುಂಗುಸಿಯ ಕಥೆಯನ್ನು ದಾಖಲಿಸುತ್ತಾನೆ. ಹಾವಿನೊಡನೆ ಕಾದಾಡುವ ಮುನ್ನ ಮುಂಗುಸಿಯು ಈ ಗಿಡವನ್ನು ಜಗಿಯುತ್ತದೆ. ಅದನ್ನು ನೋಡಿ ಮನುಷ್ಯರು ಮದ್ದನ್ನು ಕಲಿತರು ಎಂಬುದು ಕಥೆ. ಕರ್ನಾಟಕದ ಹಳ್ಳಿಗಳಲ್ಲಿಯೂ ಈ ಕಥೆ ಪ್ರಚಲಿತ. ಮುಂಗುಸಿ ಹಾವಿನೊಡನೆ ಕಚ್ಚಾಡಿ ಪೊದೆಯೊಳಗೆ ಓಡುವುದು, ಯಾವುದೋ ಬೇರನ್ನು ಕಚ್ಚಿ ಮರಳಿ ಬರುವುದು, ಆ ಬೇರು ಯಾವುದೆಂದು ಒಬ್ಬನಿಗೆ ಮಾತ್ರ ತಿಳಿಯುವುದು, ಇದು ನಾಟಿವೈದ್ಯರ ಮನೆತನಗಳು ತಮ್ಮ ವಿದ್ಯೆಯ ಮೂಲವನ್ನು ಹೇಳುವ ಒಂದು ಸಿದ್ಧ ಮಾದರಿ. ಸ್ಟಿತ್ ಥಾಂಪ್ಸನ್ನನ ಆಶಯ ಸೂಚಿಯಲ್ಲಿ ಪ್ರಾಣಿಯು ಮದ್ದನ್ನು ತೋರಿಸುವ ಆಶಯಕ್ಕೆ ಬಿ 512 ಎಂಬ ಸಂಖ್ಯೆಯಿದೆ. ಹಲವು ನಾಡುಗಳಲ್ಲಿ ಹರಡಿರುವ ಆಶಯವನ್ನು ಒಂದು ಊರಿನ ಚರಿತ್ರೆಯೆಂದು ಓದಬಾರದು ಎಂಬುದಕ್ಕೆ ಆ ಸಂಖ್ಯೆಯೇ ಎಚ್ಚರಿಕೆ.

ಹಾವಿನ ಕಡಿತದ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಸರ್ಪಗಂಧಿಯ ಬೇರು ನಾಗರಹಾವಿನ ಅಥವಾ ಕೊಳಕುಮಂಡಲದ ವಿಷವನ್ನು ಇಳಿಸುವುದಿಲ್ಲ. ಕಚ್ಚಿಸಿಕೊಂಡವನ ಗಾಬರಿಯನ್ನು ಅದು ತುಸು ತಗ್ಗಿಸಿರಬಹುದು. ವಿಷವಿಲ್ಲದ ಹಾವು ಕಚ್ಚಿದ್ದವನು ಮದ್ದಿನಿಂದಲೇ ಬದುಕಿದನೆಂಬ ಕೀರ್ತಿಯೂ ಅದಕ್ಕೆ ಸೇರಿರಬಹುದು. ವಿಷದ ಹಾವು ಕಚ್ಚಿದಾಗ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷ. ಜನಪದ ಜ್ಞಾನದ ಮೇಲಿನ ಅಭಿಮಾನವು ಈ ಸಂಗತಿಯನ್ನು ಮರೆಸಬಾರದು.

ಇದೇ ಬೇರಿನ ಮತ್ತೊಂದು ಬಳಕೆ ಗಟ್ಟಿಯಾದ ಅನುಭವದ ಮೇಲೆ ನಿಂತದ್ದು. ಬಿಹಾರದಲ್ಲಿ ಇದನ್ನು ಜನರು 'ಪಾಗಲ್ ಕೀ ದವಾ' ಎಂದು ಕರೆಯುತ್ತಿದ್ದರು, ಅಂದರೆ ಹುಚ್ಚಿನ ಮದ್ದು. ರೊಚ್ಚಿಗೆದ್ದ ರೋಗಿಗೆ ಬೇರಿನ ಪುಡಿಯನ್ನು ಕೊಟ್ಟರೆ ಅವನು ಶಾಂತನಾಗುತ್ತಾನೆ, ನಿದ್ದೆ ಬರುತ್ತದೆ ಎಂಬುದು ಅಲ್ಲಿ ಸಾಮಾನ್ಯ ತಿಳಿವಳಿಕೆಯಾಗಿತ್ತು. ಬಡ ತಾಯಂದಿರು ಅಳುವ ಕೂಸುಗಳನ್ನು ಮಲಗಿಸಲೆಂದು ಇದನ್ನು ಕೊಡುತ್ತಿದ್ದರೆಂಬುದನ್ನೂ ಇಪ್ಪತ್ತನೆಯ ಶತಮಾನದ ಮೊದಲರ್ಧದ ಸಂಶೋಧಕರು ದಾಖಲಿಸಿದ್ದಾರೆ. ದಿನದ ಕೂಲಿಗೆ ಹೋಗಬೇಕಾದ ಹೆಂಗಸಿನ ಕಷ್ಟವೂ ಆ ಒಂದು ಸಾಲಿನೊಳಗೆ ಅಡಗಿದೆ.

ಇಷ್ಟೆಲ್ಲ ಬಳಕೆಗಳ ನಡುವೆ ರಕ್ತದೊತ್ತಡ ಎಲ್ಲಿದೆ? ಎಲ್ಲಿಯೂ ಇಲ್ಲ. ಈ ಚರ್ಚೆಯ ಮುಖ್ಯ ಅಂಶವೇ ಇದು. ನೋವಿಗೆ, ಜ್ವರಕ್ಕೆ, ಬಾವಿಗೆ, ಉನ್ಮಾದಕ್ಕೆ ಜನಪದದಲ್ಲಿ ಹೆಸರುಗಳಿವೆ, ಏಕೆಂದರೆ ಅವು ಅನುಭವಕ್ಕೆ ಬರುವಂಥವು. ಅಧಿಕ ರಕ್ತದೊತ್ತಡ ಬಹುಪಾಲು ರೋಗಿಗಳಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ಒಳಗೇ ಇದ್ದು, ಒಂದು ದಿನ ಲಕ್ವವಾಗಿಯೋ ಹೃದಯಾಘಾತವಾಗಿಯೋ ಹೊರಬೀಳುತ್ತದೆ. ಲಕ್ವಕ್ಕೆ ಜನಪದದಲ್ಲಿ ಹೆಸರಿದೆ. ಅದರ ಹಿಂದೆ ಮೌನವಾಗಿ ನಡೆದಿರುವ ಏರಿಕೆಗೆ ಇಲ್ಲ. 'ರಕ್ತ ಕುದಿಯಿತು', 'ಪಿತ್ತ ನೆತ್ತಿಗೇರಿತು' ಎಂಬ ನುಡಿಗಟ್ಟುಗಳು ಸಿಟ್ಟಿಗೆ ಸಂಬಂಧಿಸಿದವೇ ಹೊರತು ಈ ರೋಗಕ್ಕಲ್ಲ. ತೋಳಿಗೆ ಪಟ್ಟಿ ಸುತ್ತಿ ಪಾದರಸದ ಕಂಬದಿಂದ ಒತ್ತಡವನ್ನು ಅಳೆಯುವ ಕ್ರಮವನ್ನು ಇಟಲಿಯ ರಿವಾ ರೊಚ್ಚಿ ರೂಪಿಸಿದ್ದು 1896ರಲ್ಲಿ. ಸ್ಟೆತಾಸ್ಕೋಪಿನಿಂದ ರಕ್ತನಾಳದ ಸದ್ದನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಅಂಕಿಗಳೆರಡನ್ನೂ ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್‌ಕಾಫ್ ಹೇಳಿದ್ದು 1905ರಲ್ಲಿ. ಆ ಉಪಕರಣಕ್ಕಿಂತ ಮೊದಲು ಈ ರೋಗಕ್ಕೆ ಮದ್ದಿರಲಿ, ಹೆಸರೂ ಸಾಧ್ಯವಿರಲಿಲ್ಲ. ಇಂದು ಹಳ್ಳಿಯ ಜಗಳದಲ್ಲಿಯೂ 'ನನ್ನ ಬಿ.ಪಿ. ಏರಿಸಬೇಡ' ಎಂಬ ಮಾತು ಕೇಳಿಬರುತ್ತದೆ. ಉಪಕರಣವೊಂದು ನುಡಿಗಟ್ಟಾಗಿ ಜನಪದದೊಳಗೆ ಇಳಿದ ಪರಿ ಅದು.

ಆದ್ದರಿಂದ ನಮ್ಮ ಪೂರ್ವಿಕರಿಗೆ ರಕ್ತದೊತ್ತಡದ ಮದ್ದು ಗೊತ್ತಿತ್ತು ಎಂಬ ಹೇಳಿಕೆ ನಿಲ್ಲುವುದಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದು ಬೇರು, ಅದು ತರುವ ಶಾಂತಿ ಮತ್ತು ನಿದ್ದೆ. ಆ ಬೇರಿನ ಮುಂದೆ ಹೊಸದೊಂದು ಪ್ರಶ್ನೆಯನ್ನು ಇಟ್ಟವರು ಇಪ್ಪತ್ತನೆಯ ಶತಮಾನದ ಭಾರತೀಯ ವೈದ್ಯರು.

1931ನೆಯ ಇಸವಿ ಈ ಚರಿತ್ರೆಯಲ್ಲಿ ಗಮನಾರ್ಹ. ಆ ವರ್ಷ ದೆಹಲಿಯ ಟಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಸರ್ಪಗಂಧಿಯ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಒಂದಕ್ಕೆ ತಮ್ಮ ಪೋಷಕರಾಗಿದ್ದ ಹಕೀಮ್ ಅಜ್ಮಲ್ ಖಾನರ ಹೆಸರಿನಿಂದ ಅಜ್ಮಲಿನ್ ಎಂದು ಕರೆದರು. ಅದೇ ವರ್ಷ ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಉನ್ಮಾದಕ್ಕೂ ಅಧಿಕ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಲೇಖನ ಪ್ರಕಟಿಸಿದರು. ಗಣನಾಥ ಸೇನರು ಆಯುರ್ವೇದ ಮತ್ತು ಆಧುನಿಕ ವೈದ್ಯ ಎರಡನ್ನೂ ಬಲ್ಲವರು. ಹುಚ್ಚಿನ ಮದ್ದಿಗೂ ರಕ್ತದೊತ್ತಡಕ್ಕೂ ಗಂಟುಹಾಕಿದ ಮೊದಲಿಗರಲ್ಲಿ ಅವರೂ ಒಬ್ಬರು ಎಂಬ ಸಂಗತಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಬಳಿಕ 1933ರಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಬೇರಿನ ಪರಿಣಾಮಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು; 1942ರಲ್ಲಿ ಭಾಟಿಯಾ ರಕ್ತದೊತ್ತಡದ ಚಿಕಿತ್ಸೆಯನ್ನು ಕುರಿತು ಬರೆದರು. ಇವೆಲ್ಲ ಭಾರತದ ವೈದ್ಯಪತ್ರಿಕೆಗಳಲ್ಲಿ ಬಂದವು. ಲಂಡನ್ನಿನಲ್ಲಾಗಲಿ ಬೋಸ್ಟನ್ನಿನಲ್ಲಾಗಲಿ ಅವುಗಳನ್ನು ಓದಿದವರು ವಿರಳ. ವಸಾಹತುವಿನಲ್ಲಿ ಅಚ್ಚಾದ ಜ್ಞಾನವನ್ನು ಜ್ಞಾನವೆಂದು ಎಣಿಸುವ ರೂಢಿ ಆಗ ಅಲ್ಲಿರಲಿಲ್ಲ.

ಈ ನಡುವೆ ಬೇರು ಮಾತ್ರೆಯ ರೂಪ ತಾಳಿತ್ತು. 1930ರಲ್ಲಿ ಆರಂಭವಾದ ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ 'ಸರ್ಪಿನಾ' ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಬರ್ಮಾದ ಕಾಡಿನಲ್ಲಿ ಪುಂಡಾಟವಾಡುವ ಆನೆಗಳಿಗೆ ಈ ಬೇರನ್ನು ತಿನ್ನಿಸಿ ಶಾಂತಗೊಳಿಸುವುದನ್ನು ಅದರ ಸ್ಥಾಪಕರು ಕಂಡರು, ಅಲ್ಲಿಂದಲೇ ಮಾತ್ರೆಯ ಕಲ್ಪನೆ ಹುಟ್ಟಿತು ಎಂಬುದು ಕಂಪನಿ ಹೇಳಿಕೊಂಡು ಬಂದಿರುವ ವೃತ್ತಾಂತ. ಅದು ನಿಜವೂ ಆಗಿರಬಹುದು. ಆದರೆ ಅದರ ಕಥನರಚನೆ ರುಂಫಿಯಸ್ ಕೇಳಿದ ಕಥೆಯದೇ. ಮುಂಗುಸಿಯ ಜಾಗದಲ್ಲಿ ಆನೆ, ನಾಟಿವೈದ್ಯನ ಜಾಗದಲ್ಲಿ ಉದ್ಯಮಿ. ಐತಿಹ್ಯಗಳು ಕಾರ್ಖಾನೆಯ ಕಾಲದಲ್ಲಿಯೂ ಹಳೆಯ ಅಚ್ಚಿನಲ್ಲಿಯೇ ಮೂಡುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಡೆಹರಾಡೂನಿನಲ್ಲಿ ಹುಟ್ಟಿದ ಈ ಕಂಪನಿ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿ ನೆಲೆಯೂರಿದ್ದರಿಂದ ಕಥೆಯ ಒಂದು ಎಳೆ ಕರ್ನಾಟಕಕ್ಕೂ ಬಂದು ಸೇರಿದೆ.

ರುಸ್ತುಂ ಜಾಲ್ ವಕೀಲರು ಕಾಣಿಸಿಕೊಳ್ಳುವುದು ಈ ಹಿನ್ನೆಲೆಯಲ್ಲಿ. ಮುಂಬಯಿಯ ಪಾರಸಿ ಸಮುದಾಯದಲ್ಲಿ 1911ರಲ್ಲಿ ಹುಟ್ಟಿದ ಅವರು ವೈದ್ಯಶಿಕ್ಷಣವನ್ನು ಪಡೆದದ್ದು ಲಂಡನ್ನಿನಲ್ಲಿ. 1930ರ ದಶಕದ ಕೊನೆಗೆ ಸ್ವದೇಶಕ್ಕೆ ಮರಳಿ, ಮುಂಬಯಿಯ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರಾಗಿ ಸೇವೆ ಸಲ್ಲಿಸಿದರು. ಹೃದ್ರೋಗ ಚಿಕಿತ್ಸೆ ಭಾರತದಲ್ಲಿ ಇನ್ನೂ ಪ್ರತ್ಯೇಕ ಶಾಖೆಯಾಗಿ ಬೇರೂರಿರದ ಕಾಲವದು. ಲಂಡನ್ನಿನಲ್ಲಿ ಕಲಿತು ಬಂದವರು ದೇಶೀಯ ಬೇರುಗಳನ್ನು ಕಂಡು ಮೂಗುಮುರಿಯುವುದು ಆಗ ಅಸಹಜವೇನೂ ಆಗಿರಲಿಲ್ಲ. ವಕೀಲರು ಹಾಗೆ ಮಾಡಲಿಲ್ಲ. ದೇಶೀಯವೆಂಬ ಒಂದೇ ಕಾರಣಕ್ಕೆ ಬೇರನ್ನು ಹೊಗಳಲೂ ಇಲ್ಲ. ಅದನ್ನು ರೋಗಿಗಳಿಗೆ ಕೊಡುತ್ತ, ಒತ್ತಡವನ್ನು ಅಳೆಯುತ್ತ, ಅಂಕಿಗಳನ್ನು ಬರೆದಿಡುತ್ತ ವರ್ಷಗಳನ್ನು ಕಳೆದರು.

ಅಂದಿನ ಚಿಕಿತ್ಸೆಯ ಸ್ಥಿತಿಯನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ. ಅಧಿಕ ರಕ್ತದೊತ್ತಡಕ್ಕೆ ನಂಬಬಹುದಾದ, ದಿನವೂ ನುಂಗಬಹುದಾದ ಮದ್ದೇ ಇರಲಿಲ್ಲ. ಉಪ್ಪಿಲ್ಲದ ಅನ್ನ ಮತ್ತು ಹಣ್ಣುಗಳ ಕಠಿಣ ಪಥ್ಯ, ಬೆನ್ನುಮೂಳೆಯ ಪಕ್ಕದ ನರಗಳನ್ನು ಕತ್ತರಿಸುವ ದೊಡ್ಡ ಶಸ್ತ್ರಕ್ರಿಯೆ, ವಿಷಕ್ಕೆ ಸಮೀಪದ ಥಯೋಸಯನೇಟ್, ಇವಿಷ್ಟೇ ಉಪಾಯಗಳು. ಗಡಸಾದ ರಕ್ತನಾಳಗಳಲ್ಲಿ ರಕ್ತ ಮುಂದೆ ಸಾಗಲು ಹೆಚ್ಚಿನ ಒತ್ತಡ ಅವಶ್ಯಕ, ಅದನ್ನು ತಗ್ಗಿಸುವುದೇ ಅಪಾಯ ಎಂದು ವಾದಿಸುವ ಹಿರಿಯ ವೈದ್ಯರೂ ಇದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಸತ್ತಾಗ ಅವರ ರಕ್ತದೊತ್ತಡ 300/190 ಇದ್ದುದಾಗಿ ಅವರ ವೈದ್ಯರು ದಾಖಲಿಸಿದ್ದಾರೆ. ಜಗತ್ತಿನ ಅತ್ಯಂತ ಬಲಿಷ್ಠ ದೇಶದ ಅಧ್ಯಕ್ಷನಿಗೂ ಕೊಡಲು ವೈದ್ಯರ ಬಳಿ ಏನೂ ಇರಲಿಲ್ಲ. ಬಿಹಾರದ ಹಳ್ಳಿಯ ಅಂಗಡಿಯಲ್ಲಿ ಅದೇ ಹೊತ್ತಿನಲ್ಲಿ ಸರ್ಪಗಂಧಿಯ ಬೇರು ತೂಗಿ ಮಾರಾಟವಾಗುತ್ತಿತ್ತು.

ವಕೀಲರ ಪ್ರಸಿದ್ಧ ಪ್ರಬಂಧ 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಟಗಳು ಆರೇ. 50 ಮಂದಿ ರೋಗಿಗಳಿಗೆ ಇಡೀ ಬೇರಿನಿಂದ ಮಾಡಿದ ಮಾತ್ರೆಗಳನ್ನು ನಾಲ್ಕು ವಾರ ಕೊಟ್ಟು, ಮೇಲಿನ ಮತ್ತು ಕೆಳಗಿನ ಒತ್ತಡಗಳು ಎಷ್ಟೆಷ್ಟು ಇಳಿದವೆಂಬುದನ್ನು ಅದರಲ್ಲಿ ವರದಿ ಮಾಡಿದ್ದರು. ಬಹುಪಾಲು ರೋಗಿಗಳಲ್ಲಿ ಎರಡೂ ಇಳಿದಿದ್ದವು. ಗಂಭೀರವಾದ ತೊಂದರೆಗಳು ಕಂಡಿರಲಿಲ್ಲ. ಮಾತ್ರೆಯನ್ನು ನಿಲ್ಲಿಸಿದ ಮೇಲೂ ಅದರ ಪರಿಣಾಮ ಹಲವರಲ್ಲಿ ಕೆಲವು ಕಾಲ ಉಳಿದಿತ್ತು.

ಇಂದಿನ ಅಳತೆಗೋಲಿನಿಂದ ನೋಡಿದರೆ ಈ ಪ್ರಯೋಗಕ್ಕೆ ಮಿತಿಗಳಿವೆ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ಮದ್ದು ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು ಹೋಲಿಸುವ ಕ್ರಮ ಅದರಲ್ಲಿಲ್ಲ. ಅಂಥ ಹಂಚಿಕೆಯ ಮೊದಲ ಪ್ರಸಿದ್ಧ ಪ್ರಯೋಗ, ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟದ್ದು, ಬ್ರಿಟನ್ನಿನಲ್ಲಿ ಪ್ರಕಟವಾಗಿ ಆಗಿನ್ನೂ ಒಂದೇ ವರ್ಷವಾಗಿತ್ತು. ಆದರೆ ವಕೀಲರ ಕೆಲಸದಲ್ಲಿ ಬೇರೊಂದು ಗುಣವಿತ್ತು. ಈ ಮದ್ದು ನಿಧಾನದ ಮದ್ದು. ನುಂಗಿದ ಗಂಟೆಯಲ್ಲಿ ಏನೂ ಆಗುವುದಿಲ್ಲ. ಪೂರ್ಣ ಪರಿಣಾಮಕ್ಕೆ ಎರಡು ಮೂರು ವಾರಗಳೇ ಬೇಕು. ಪ್ರಯೋಗಾಲಯದ ಪ್ರಾಣಿಗೆ ಚುಚ್ಚಿ ಗಡಿಯಾರ ನೋಡುತ್ತ ಕುಳಿತವನಿಗೆ ಇದರ ನಿಜವಾದ ಸ್ವಭಾವ ಸುಲಭವಾಗಿ ಕಾಣುವಂಥದಲ್ಲ. ಒಬ್ಬನೇ ರೋಗಿಯನ್ನು ವಾರವಾರವೂ ಕಾಣುವ, ಅವನ ಚೀಟಿಯನ್ನು ಇಟ್ಟುಕೊಂಡಿರುವ ವೈದ್ಯನಿಗೆ ಕಾಣುತ್ತದೆ.

ನಾಟಿವೈದ್ಯನ ತಾಳ್ಮೆಯೂ ಇದೇ ಬಗೆಯದು ಎನ್ನಬಹುದು. ಆದರೆ ಒಂದು ಮೂಲಭೂತ ವ್ಯತ್ಯಾಸವುಂಟು. ಬೇರನ್ನು ಕೀಳುವ ಮುನ್ನ ಗಿಡಕ್ಕೆ ಅಕ್ಕಿಕಾಳು ಹಾಕಿ ಹಿಂದಿನ ದಿನವೇ ಆಹ್ವಾನ ಕೊಡುವುದು, ನೆರಳು ಬೀಳದಂತೆ ಅಗೆಯುವುದು, ಮಾತಾಡದೆ ಮನೆಗೆ ತರುವುದು, ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆಂದು ನಂಬುವುದು, ಇವೆಲ್ಲ ಕರ್ನಾಟಕದ ಅನೇಕ ಭಾಗಗಳ ನಾಟಿವೈದ್ಯರಲ್ಲಿ ಕಂಡುಬರುವ ಆಚರಣೆಗಳು. ವಿದ್ಯೆಯನ್ನು ಮುಚ್ಚಿಡುವುದರಿಂದ ಮನೆತನದ ಗೌರವ ಉಳಿಯುತ್ತದೆ. ಗಿಡವೂ ಸ್ವಲ್ಪಮಟ್ಟಿಗೆ ಉಳಿದಿರಬೇಕು. ಆದರೆ ಯಾರಿಗೆ ಕೊಟ್ಟೆ, ಎಷ್ಟು ಜನರಿಗೆ ಗುಣವಾಯಿತು, ಎಷ್ಟು ಜನರಿಗೆ ಆಗಲಿಲ್ಲ ಎಂಬುದು ಆ ಪರಂಪರೆಯಲ್ಲಿ ಎಣಿಕೆಗೆ ಬರುವುದಿಲ್ಲ. ಗುಣವಾದವರು ಕಥೆಯಾಗಿ ಉಳಿಯುತ್ತಾರೆ, ಆಗದವರು ನೆನಪಿನಿಂದ ಜಾರುತ್ತಾರೆ. ವಕೀಲರ ಪ್ರಬಂಧದಲ್ಲಿ ಒತ್ತಡ ಇಳಿಯದ ರೋಗಿಗಳೂ ಲೆಕ್ಕದಲ್ಲಿದ್ದಾರೆ. ಜನಪದ ವೈದ್ಯದ ಕ್ಷೇತ್ರಕಾರ್ಯದಲ್ಲಿ ತೊಡಗುವವರು ಮದ್ದಿನ ಹೆಸರು, ಅರೆಯುವ ಕ್ರಮ, ಪಥ್ಯ ಇವುಗಳನ್ನು ಬರೆದುಕೊಂಡು ಮರಳುವುದೇ ವಾಡಿಕೆಯಾಗಿದೆ. ಮದ್ದು ಫಲಿಸದವರ ಮನೆಗಳನ್ನು ಹುಡುಕಿ ಹೋದ ಸಂಗ್ರಾಹಕರು ಕಡಿಮೆ.

1949ರ ಪ್ರಬಂಧದ ಪರಿಣಾಮ ವೇಗವಾಗಿ ಹಬ್ಬಿತು. ಅದನ್ನು ಓದಿದ ಬೋಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಭಾರತದಿಂದ ಬೇರಿನ ಮದ್ದನ್ನು ತರಿಸಿ ತಮ್ಮ ರೋಗಿಗಳಲ್ಲಿ ಪರೀಕ್ಷಿಸಿದರು. 1952ರ ಹೊತ್ತಿಗೆ ಅವರ ವರದಿ ಹೊರಬಿತ್ತು. ಅದೇ ವರ್ಷ ಬಾಸೆಲ್‌ನ ಸೀಬಾ ಕಂಪನಿಯ ಮ್ಯೂಲರ್, ಶ್ಲಿಟ್ಲರ್ ಮತ್ತು ಬೈನ್ ಬೇರಿನಲ್ಲಿರುವ ಮುಖ್ಯ ಸತ್ವವನ್ನು ಬೇರ್ಪಡಿಸಿ ಅದಕ್ಕೆ ರಿಸರ್ಪಿನ್ ಎಂದು ಹೆಸರಿಟ್ಟರು. ಇಡೀ ಬೇರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ಸಾವಿರ ಭಾಗದಲ್ಲಿ ಒಂದೆರಡು ಭಾಗ ಎನ್ನುವಷ್ಟು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಮನೋರೋಗಿಗಳಲ್ಲಿ ಬೇರಿನ ಮತ್ತು ರಿಸರ್ಪಿನ್ನಿನ ಫಲವನ್ನು ವರದಿ ಮಾಡಿದರು. ಬಿಹಾರದ 'ಪಾಗಲ್ ಕೀ ದವಾ' ಹೀಗೆ ಅಮೆರಿಕದ ಮಾನಸಿಕ ಆಸ್ಪತ್ರೆಗಳನ್ನು ಹೊಕ್ಕಿತು. 1956ರಲ್ಲಿ ಹಾರ್ವರ್ಡಿನ ರಾಬರ್ಟ್ ವುಡ್‌ವರ್ಡ್ ರಿಸರ್ಪಿನ್ನನ್ನು ಪ್ರಯೋಗಾಲಯದಲ್ಲಿ ಸಂಪೂರ್ಣವಾಗಿ ಸಂಶ್ಲೇಷಿಸಿದರು.

ರಿಸರ್ಪಿನ್ ಕೆಲಸ ಮಾಡುವ ಬಗೆಯೂ ಮುಂದೆ ತಿಳಿಯಿತು. ನರತಂತುಗಳ ತುದಿಯಲ್ಲಿ ಸಣ್ಣ ಸಣ್ಣ ಕೋಶಗಳಿದ್ದು, ನರದಿಂದ ನರಕ್ಕೆ ಸಂದೇಶ ಒಯ್ಯುವ ರಾಸಾಯನಿಕಗಳು ಅವುಗಳಲ್ಲಿ ಶೇಖರವಾಗಿರುತ್ತವೆ. ರಿಸರ್ಪಿನ್ ಆ ಕಣಜಗಳನ್ನು ತುಂಬದಂತೆ ತಡೆಯುತ್ತದೆ. ಇದ್ದ ದಾಸ್ತಾನು ಕ್ರಮೇಣ ಬರಿದಾಗುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಸಂದೇಶ ಕ್ಷೀಣಿಸಿ ನಾಳಗಳು ಸಡಿಲಗೊಳ್ಳುತ್ತವೆ, ಒತ್ತಡ ಇಳಿಯುತ್ತದೆ. ಕಣಜ ಬರಿದಾಗಲು ದಿನಗಳು ಬೇಕು, ಮತ್ತೆ ತುಂಬಲೂ ದಿನಗಳು ಬೇಕು. ವಕೀಲರು ಅಂಕಿಗಳಲ್ಲಿ ಕಂಡಿದ್ದ ನಿಧಾನಗತಿಗೆ, ಮಾತ್ರೆ ನಿಲ್ಲಿಸಿದ ಮೇಲೂ ಉಳಿದ ಪರಿಣಾಮಕ್ಕೆ ಕಾರಣ ಇದೇ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಉತ್ತರಾರ್ಧದಲ್ಲಿ ರಿಸರ್ಪಿನ್ ಕೊಟ್ಟು ಜಡಗೊಳಿಸಿದ ಮೊಲಗಳು ಎಲ್-ಡೋಪಾ ಕೊಟ್ಟೊಡನೆ ಚೇತರಿಸಿಕೊಳ್ಳುವುದನ್ನು ತೋರಿಸಿದರು. ಮಿದುಳಿನಲ್ಲಿ ಡೋಪಮಿನ್ ವಹಿಸುವ ಪಾತ್ರ ಅದರಿಂದ ಬೆಳಕಿಗೆ ಬಂದಿತು. ಪಾರ್ಕಿನ್ಸನ್ ರೋಗದ ಚಿಕಿತ್ಸೆಗೆ ದಾರಿಯಾಯಿತು. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ರಕ್ತದೊತ್ತಡದ ಚಿಕಿತ್ಸೆಯಲ್ಲಿ ಮತ್ತೊಂದು ತಿರುವು 1967ರದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಮತ್ತು ಸಂಗಡಿಗರು 143 ಮಂದಿ ಪುರುಷರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಿಸರ್ಪಿನ್ ಸೇರಿದಂತೆ ಮೂರು ಮದ್ದುಗಳನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ಕೊಟ್ಟರು. ಹುಸಿಮಾತ್ರೆಯ ಗುಂಪಿನಲ್ಲಿ 27 ಮಂದಿಗೆ ಗಂಭೀರ ಅನಾಹುತಗಳಾದರೆ ಮದ್ದಿನ ಗುಂಪಿನಲ್ಲಿ ಇಬ್ಬರಿಗೆ ಮಾತ್ರ. ಒತ್ತಡವನ್ನು ತಗ್ಗಿಸಿದರೆ ಪ್ರಾಣ ಉಳಿಯುತ್ತದೆ ಎಂಬುದು ಅನುಮಾನಕ್ಕೆಡೆಯಿಲ್ಲದಂತೆ ಸಿದ್ಧವಾದದ್ದು ಹೀಗೆ. ಆ ಮೂರು ಮದ್ದುಗಳಲ್ಲಿ ಒಂದು ಸರ್ಪಗಂಧಿಯ ಮಗುವೆಂಬುದನ್ನು ಇಂದು ಮಾತ್ರೆ ನುಂಗುವವರಾಗಲಿ ಬರೆದುಕೊಡುವವರಾಗಲಿ ನೆನೆಯುವುದು ಕಡಿಮೆ.

ರಿಸರ್ಪಿನ್ನಿಗೆ ಕೆಡುಕಿನ ಮುಖವೂ ಇತ್ತು. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಕೆಲವರಲ್ಲಿ ತೀವ್ರ ಖಿನ್ನತೆ ಕಾಣಿಸಿಕೊಂಡದ್ದು ವರದಿಯಾಯಿತು. ಬೇರು ತರುವ 'ಶಾಂತಿ'ಯ ಇನ್ನೊಂದು ತುದಿ ಇದು. 1974ರಲ್ಲಿ ಸ್ತನದ ಕ್ಯಾನ್ಸರಿಗೂ ಈ ಮದ್ದಿಗೂ ನಂಟಿದೆಯೆಂಬ ವರದಿಗಳು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದು ಭಯ ಹುಟ್ಟಿಸಿದವು. ಮುಂದಿನ ಅಧ್ಯಯನಗಳು ಆ ಭಯವನ್ನು ಎತ್ತಿಹಿಡಿಯಲಿಲ್ಲ, ಆದರೆ ಹೆಸರು ಕೆಟ್ಟಿತ್ತು. ಹೊಸ ಮದ್ದುಗಳೂ ಒಂದರ ಹಿಂದೊಂದು ಬಂದವು. ಭಾರತದಲ್ಲಿ ಮಾತ್ರ ರಿಸರ್ಪಿನ್ ಬೆರೆತ 'ಅಡೆಲ್ಫೇನ್' ಮಾತ್ರೆಗಳು ಕಡಿಮೆ ಬೆಲೆಯ ಕಾರಣದಿಂದ ಬಹುಕಾಲ ಚಲಾವಣೆಯಲ್ಲಿದ್ದವು. ಹಿರಿಯ ತಲೆಮಾರಿನ ಅನೇಕ ಮನೆಗಳಲ್ಲಿ ಆ ಹೆಸರು ಪರಿಚಿತ.

ವಕೀಲರು 1974ರಲ್ಲಿಯೇ ತೀರಿಕೊಂಡರು. ಅಷ್ಟರಲ್ಲಿ ಅವರಿಗೆ ಸಲ್ಲಬೇಕಾದ ಗೌರವಗಳು ಬಹುಮಟ್ಟಿಗೆ ಸಂದಿದ್ದವು. 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ. ಭಾರತದ ಆಧುನಿಕ ಹೃದ್ರೋಗ ವೈದ್ಯದ ಪಿತಾಮಹರೆಂದು ಅವರನ್ನು ಕರೆಯುವುದುಂಟು. ಆದರೆ ಅವರ ವ್ಯಕ್ತಿತ್ವವನ್ನು ಪ್ರಶಸ್ತಿಗಳಿಗಿಂತ ಚೆನ್ನಾಗಿ ತೋರಿಸುವುದು ಅವರ ಬರವಣಿಗೆ. 1955ರಲ್ಲಿ 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ಸರ್ಪಗಂಧಿಯನ್ನು ಕುರಿತ ಅದುವರೆಗಿನ ಸಾಹಿತ್ಯವನ್ನೆಲ್ಲ ಅವರು ಸಮೀಕ್ಷಿಸಿದರು. ಭಾರತೀಯ ವೈದ್ಯರ ಸಂಘವು ಹೊರತಂದ, ಇಂದಿಗೂ ವೈದ್ಯವಿದ್ಯಾರ್ಥಿಗಳ ಕೈಯಲ್ಲಿರುವ ಬೃಹತ್ ವೈದ್ಯಪಠ್ಯದ ಮೊದಲ ಸಂಪಾದಕರು ಅವರೇ. ಇವುಗಳ ಜೊತೆಗೆ 'ದಿ ರೊಮ್ಯಾನ್ಸ್ ಆಫ್ ಹೀಲಿಂಗ್', 'ಅವರ್ ಗ್ಲೋರಿಯಸ್ ಹೆರಿಟೇಜ್' ಎಂಬ ಕೃತಿಗಳಲ್ಲಿ ವೈದ್ಯದ ಚರಿತ್ರೆ ಮತ್ತು ಪರಂಪರೆಗಳನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಬರೆದರು. ಪರಂಪರೆಯ ಬಗೆಗೆ ಪ್ರೀತಿಯಿದ್ದೂ ಪರೀಕ್ಷೆಯನ್ನು ಬಿಟ್ಟುಕೊಡದ ಮನಸ್ಸು ಅವರದು. ಈ ಎರಡು ಗುಣಗಳು ಒಬ್ಬರಲ್ಲಿಯೇ ಕೂಡುವುದು ಅಪರೂಪವೆಂದು ಜಾನಪದ ಅಧ್ಯಯನದ ಇಂದಿನ ಸ್ಥಿತಿಯನ್ನು ಬಲ್ಲವರು ಒಪ್ಪಿಯಾರು.

ಕೀರ್ತಿಯ ಹಂಚಿಕೆಯಲ್ಲಿ ಬಿಟ್ಟುಹೋದವರೂ ಇದ್ದಾರೆ. ರುಂಫಿಯಸ್ಸನಿಗೆ ಮುಂಗುಸಿಯ ಕಥೆ ಹೇಳಿದವರು, ಬಿಹಾರದ ತಾಯಂದಿರು, ಸಂಶೋಧಕರಿಗೆ ಬೇರು ಅಗೆದು ತಂದುಕೊಟ್ಟವರು, ಇವರಾರ ಹೆಸರೂ ಯಾವ ಪ್ರಬಂಧದಲ್ಲಿಯೂ ಇಲ್ಲ. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರು ತೋರಿಸಿದ ಆರೋಗ್ಯಪಚ್ಚೆ ಎಂಬ ಗಿಡದಿಂದ ತಯಾರಾದ ಮದ್ದಿನ ಲಾಭದಲ್ಲಿ ಆ ಸಮುದಾಯಕ್ಕೂ ಪಾಲು ಕೊಡುವ ಏರ್ಪಾಡು 1990ರ ದಶಕದಲ್ಲಿ ಆಯಿತು; 2002ರ ಜೀವವೈವಿಧ್ಯ ಕಾಯಿದೆ ಅಂಥ ಹಂಚಿಕೆಗೆ ಕಾನೂನಿನ ಚೌಕಟ್ಟು ಒದಗಿಸಿತು. ಸರ್ಪಗಂಧಿಯ ಪಾಲಿಗೆ ಅದು ಅರ್ಧ ಶತಮಾನ ತಡವಾಗಿತ್ತು.

ಗಿಡವೂ ಬೆಲೆ ತೆತ್ತಿತು. ಬೇರಿಗಾಗಿ ಕಿತ್ತರೆ ಗಿಡವೇ ಹೋಗುತ್ತದೆ. 1950ರ ದಶಕದಲ್ಲಿ ವಿದೇಶದ ಬೇಡಿಕೆ ಏರಿದಂತೆ ಕಾಡುಗಳಿಂದ ಅದನ್ನು ಮೂಟೆಗಟ್ಟಲೆ ಅಗೆದು ಸಾಗಿಸಲಾಯಿತು. ಭಾರತ ಸರ್ಕಾರ 1969ರಲ್ಲಿ ಬೇರಿನ ರಫ್ತನ್ನು ನಿಷೇಧಿಸಿತು. ಔಷಧ ಕಂಪನಿಗಳು ಆಫ್ರಿಕಾದಲ್ಲಿ ಬೆಳೆಯುವ ಇದೇ ಕುಲದ ದೊಡ್ಡ ಗಿಡವೊಂದರತ್ತ ತಿರುಗಿದವು. 1990ರಲ್ಲಿ ಅಳಿವಿನ ಭೀತಿಯಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸರ್ಪಗಂಧಿ ಸೇರಿತು. ಕರ್ನಾಟಕದಲ್ಲಿಯೂ ಅದು ಕಾಪಾಡಬೇಕಾದ ಔಷಧಿಸಸ್ಯಗಳ ಪಟ್ಟಿಯಲ್ಲಿದೆ. ಬೀಜ ಮೊಳೆಯುವ ಪ್ರಮಾಣ ಕಡಿಮೆಯಾದ್ದರಿಂದ ಬೇರಿನ ತುಂಡುಗಳನ್ನೂ ನೆಟ್ಟು ಅದನ್ನು ಬೆಳೆಸುತ್ತಾರೆ. ನೆಟ್ಟ ಬೇರು ಅಗೆಯುವಷ್ಟು ಬಲಿಯಲು ಒಂದೂವರೆಯಿಂದ ಮೂರು ವರ್ಷ ಹಿಡಿಯುತ್ತದೆ.